ಬರಿ ಚೀಲ

ಸೋಮವಾರ ಬಂತೆಂದರೆ ಅಂದಪ್ಪನಿಗೆ ಬೆಳಗಿನಿಂದಲೇ ತಲೆ ಭಾರ. ಉಳಿದ ದಿನ ಜೋಳದ ಮೂಟೆ ಹೊತ್ತರೆ ಬೆನ್ನು ಮಾತ್ರ ನೋಯುತ್ತಿತ್ತು. ಸೋಮವಾರ ಮುದುಕಿಯರ ಪಡಿ ಹೊತ್ತರೆ ಕಿವಿಯೂ ನೋಯುತ್ತಿತ್ತು.

ಕೊಪ್ಪಳದ ಪೇಟೆಯಲ್ಲಿ ದೊಡ್ಡಬಸಪ್ಪ ಸಾಹುಕಾರರ ಕಾಳಿನ ಅಂಗಡಿಗೆ ಅವನು ಹಮಾಲ. ಯುದ್ಧದ ಕಾಲ. ನಿಜಾಮ ಸರಕಾರದವರು ಲೆವಿ ಎಂದು ರೈತರ ಕಣದಿಂದಲೇ ಕಡ್ಡಾಯವಾಗಿ ಜೋಳ ಎತ್ತಿಸಿಕೊಂಡು ಹೋಗುತ್ತಿದ್ದರು. ಪೇಟೆಯಲ್ಲಿ ಉಳಿದದ್ದರ ದರ ಕೇಳಿಯೇ ಜನ ಹಿಂದಿರುಗುತ್ತಿದ್ದರು. ದುಡಿಯುವ ಕಸುವಿಲ್ಲದ, ತಮ್ಮವರು ಎನ್ನುವವರೂ ಇಲ್ಲದ ಏಳೆಂಟು ಮುದುಕಿಯರ ಮನೆಗೆ ಸಾಹುಕಾರರು ವಾರವಾರ ಪಡಿ ಕಳಿಸುತ್ತಿದ್ದರು. ಚೀಲದಲ್ಲಿ ಜೋಳ, ಅದರ ಮೇಲೆ ಬೇಳೆ, ಉಪ್ಪು, ಮೆಣಸಿನಕಾಯಿಯ ಪೊಟ್ಟಣ. ಅರಿವೆ-ಬಟ್ಟೆಗೂ ಬರ ಬಂದಿದ್ದರಿಂದ ಚೀಲ ಮಾತ್ರ ಅಂಗಡಿಗೆ ವಾಪಸು ಬರಬೇಕು ಎಂದು ಕಟ್ಟಪ್ಪಣೆ.

ತಕರಾರು ಹುಟ್ಟಿದ್ದೇ ಈ ವಾಪಸು ಬರುವ ಚೀಲದಿಂದ. ಒಬ್ಬರ ಮನೆಯಿಂದ ತುಂಬಿ ಬಂದದ್ದನ್ನು ಈ ಕಡೆಯ ಹೆಣ್ಣುಮಕ್ಕಳು ಬರಿದು ಮಾಡಿ ಕಳಿಸುವವರಲ್ಲ. ಏನೂ ಇಲ್ಲದಿದ್ದರೆ ಬಂದದ್ದರಲ್ಲೇ ಒಂದು ಹಿಡಿ ಹಾಕಿ ಕಳಿಸುತ್ತಾರೆ. ಅಂಗಡಿಯ ಗುಮಾಸ್ತ ಆ ಹಿಡಿಕಾಳನ್ನು ರಾಶಿಗೆ ಸುರಿದು ಸುಮ್ಮನಾಗುತ್ತಿದ್ದ. ಒಂದು ಸೋಮವಾರ ಅವನು ಜ್ವರವೆಂದು ಮಲಗಿದವನು ವಾರಗಟ್ಟಲೆ ಏಳಲಿಲ್ಲ. ತಕ್ಕಡಿಯ ಹತ್ತಿರ ಸಾಹುಕಾರರೇ ಕೂತರು. ಅಂದಪ್ಪ ಚೀಲಗಳನ್ನು ಕೊಡವಿದ.

"ಇದೇನೋ ಕಾಳು?"

"ಬರಿ ಚೀಲ ಕಳಸಬಾರದಂತ ಮುದುಕ್ಯಾರು ಹಾಕಿರತಾರ್ರಿ."

"ಹೆಚ್ಚಾಗೇತಿ, ಅದಕ್ಕ ಹಾಕ್ಯಾರ. ಹೊಟ್ಟಿಗೆ ಸಾಲದವರು ಕಾಳು ತಿರಗಿ ಕಳಸತಾರೇನು? ಬರೂ ವಾರದಿಂದ ಅರ್ಧಾ ಕಟ್ಟು."

"ಹಂಗಲ್ಲರಿ ಸಾವ್ಕಾರ್ರ, ಅದೊಂದು ಪದ್ಧತಿ ಐತಿ..."

"ಜೋಳ ಮಾರಾವ ನಾನೋ ನೀನೋ? ಹೆಚ್ಚು ಕಡಿಮಿ ನನಗ ತಿಳೀತೈತಿ."

ಸಾಹುಕಾರರ ಮನೆಯಲ್ಲಿ ಇಂಥ ಕೊಡುಕೊಳೆಯೆಲ್ಲ ಹಿತ್ತಿಲ ಬಾಗಿಲಿನಿಂದ ನಡೆಯುವುದು. ಅದು ಗಂಡಸರ ಕಣ್ಣಿಗೆ ಬೀಳುವ ವ್ಯವಹಾರವೇ ಅಲ್ಲ. ಅಂದಪ್ಪ ಚೀಲಗಳನ್ನು ಮಡಚಿಟ್ಟ.

ಮುಂದಿನ ವಾರ ಅರ್ಧ ಪಡಿ ಹೊತ್ತು ಕೋಟೆ ಬುಡದ ಓಣಿಗೆ ಹೋದರೆ, ಮೊದಲ ಮನೆಯ ಹೊಳಿಯಮ್ಮ ಚೀಲವನ್ನು ಕೈಯಲ್ಲೇ ತೂಗಿದಳು. ಕಣ್ಣು ಮಂಜಾಗಿದ್ದರೂ ಅವಳ ಕೈ ಮಂಜಾಗಿರಲಿಲ್ಲ.

"ಉಳಿದದ್ದು ಎಲ್ಲಿ ಇಳಿಸಿ ಬಂದಿಯೋ?"

"ಇಷ್ಟ ಕೊಟ್ಟಾರ ಆಯಿ. ನೀವು ಚೀಲದಾಗ ಕಾಳು ಹಾಕಿ ಕಳಸತೀರಿ, ಅದನ್ನ ನೋಡಿ ಸಾವ್ಕಾರ್ರು ನಿಮಗ ಹೆಚ್ಚಾಗೇತಿ ಅಂದ್ರು."

"ಕೊಟ್ಟರ ಕಡಿಮಿ ಆಗತೈತೇನು? ಯಾವ ಸಾಲ್ಯಾಗ ಕಲಿಸ್ಯಾರೋ ಈ ಲೆಕ್ಕಾ? ಹಮಾಲರ ಹೊಟ್ಟಿ ದೊಡ್ಡದಿರತೈತಿ, ಗೊತ್ತೈತಿ ನನಗ. ಕೇಳಿ ತಿನ್ನಬೇಕಪ್ಪಾ, ಕದ್ದು ತಿನ್ನಬಾರದು."

ಇಷ್ಟು ಅಂದು, ಬಂದ ಅರ್ಧದಲ್ಲೇ ಒಂದು ಹಿಡಿ ತೆಗೆದು ಚೀಲಕ್ಕೆ ಹಾಕಿದಳು. ಅಂದಪ್ಪನಿಗೆ ಗೋಡೆಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಕಳ್ಳನೆಂದು ಬೈಯುವುದೂ ಅವಳೇ, ಕಳ್ಳನ ಕೈಯಲ್ಲಿ ಕಾಳು ಕೊಟ್ಟು ಕಳಿಸುವುದೂ ಅವಳೇ.

ಅಂದು ಅಂಗಡಿ ಮುಟ್ಟುವ ಮೊದಲು ಆ ಹಿಡಿಗಳನ್ನೆಲ್ಲ ಮಠದ ದಾಸೋಹಕ್ಕೆ ಹಾಕಿ ಬಂದ. ಕೆಟ್ಟದ್ದು ಅಲ್ಲಿಯೇ. ದಾರಿಯಲ್ಲಿ ಚೀಲ ಬಿಚ್ಚುವುದನ್ನು ಯಾರೋ ನೋಡಿದರು. ಎರಡು ದಿನದಲ್ಲಿ ಮಾತು ಬಾವಿಕಟ್ಟೆ ಏರಿತು. ಹೆಂಡತಿ ಶಿವಬಸಮ್ಮ ಕೊಡ ಇಳಿಸುವಾಗಲೇ ಶುರುಮಾಡಿದಳು.

"ಕೇಳಾಕತ್ಯಾರ ನನ್ನ, ನಿಮ್ಮನಿ ರೊಟ್ಟಿ ಇತ್ತೀಚಿಗಿ ಬಾಳ ದಪ್ಪ ಅದಾವಂತ, ಹೌದೇನಂತ. ಏನ್ ಹೇಳ್ಲಿ ನಾನು? ಮಕ್ಕಳು ಅಂಬಲಿ ಕುಡದು ಮಲಗತಾವು, ನನಗ ರೊಟ್ಟಿ ಹೆಸರು."

"ನಾ ಒಂದ ಕಾಳು ಮುಟ್ಟಿಲ್ಲ."

"ನನಗ ಗೊತ್ತೈತಿ. ನನಗ ಗೊತ್ತಿದ್ದರ ಊರಿಗೆ ಗೊತ್ತಾಕ್ಕೈತೇನು? ಬರೂ ಸೋಮವಾರ ಇದನ್ನ ಬಗಿಹರಿಸು, ಇಲ್ಲಂದ್ರ ಆ ಕೆಲಸಾ ಬಿಡು."

ಬಿಡುವುದು ಅಷ್ಟು ಸುಲಭವೇ? ಪಡಿ ಬಿಟ್ಟರೆ ಅಂಗಡಿಯೂ ಬಿಟ್ಟಂತೆ. ಅದಕ್ಕಿಂತ ಮಿಗಿಲಾಗಿ, ಬಿಟ್ಟ ದಿನವೇ ಕಳ್ಳನೆಂಬುದು ಖಾಯಂ ಆಗುತ್ತದೆ.

ಮರುಸೋಮವಾರ ಅಂದಪ್ಪ ಒಂದು ಹಂಚಿಕೆ ಹಾಕಿದ. ಹೊಳಿಯಮ್ಮ ವಾಪಸು ಹಾಕಿದ ಹಿಡಿಯನ್ನು ಎರಡನೆಯ ಮನೆಯ ಗಡಿಗೆಗೆ ಸುರಿದ, ಎರಡನೆಯ ಮನೆಯದನ್ನು ಮೂರನೆಯದಕ್ಕೆ. ಹೀಗೇ ಸುರಿಯುತ್ತ ಸುರಿಯುತ್ತ ಕೊನೆಯ ಮನೆ ಸೈದಾನಬಿಯದು ಬಂತು. ಕಿನ್ನಾಳದ ಗೊಂಬೆಗಳನ್ನು ಬುಟ್ಟಿಯಲ್ಲಿ ಹೊತ್ತು ಕುಷ್ಟಗಿ, ಯಲಬುರ್ಗಾ ಸಂತೆಗಳಲ್ಲಿ ಮಾರಿದ ಹೆಂಗಸು. ಈಗ ಮೊಣಕಾಲು ಹೋಗಿ ಕಟ್ಟೆಯ ಮೇಲೆ ಕೂತಲ್ಲೇ ಕೂತಿರುತ್ತಿದ್ದಳು.

"ಯವ್ವಾ, ಕೈ ಮುಗೀತೀನಿ. ಇವತ್ತೊಂದು ದಿನ ಚೀಲ ಹಂಗ ಕೊಡ್ರಿ."

"ಹಂಗ ಅಂದ್ರ ಹೆಂಗೋ ಬೇಟಾ? ಸಂತ್ಯಾಗ ಗೊಂಬಿ ಮಾರಿದಾಗ ಗಿರಾಕಿ ಬುಟ್ಟಿನೂ ಬರೀದ ಕಳಿಸಿಲ್ಲ ನಾ. ಒಂದ ಮೆಣಸಿನಕಾಯರ ಹಾಕೀನಿ." ಮಾತಾಡುತ್ತಲೇ ಹಿಡಿ ಜೋಳ ಹಾಕಿಬಿಟ್ಟಳು. ತೆಗೆಯಿರಿ ಎಂದರೆ, "ಹಾಕಿದ್ದು ತಗಿಯಾಕ ನಾ ಏನ್ ಲೆವಿಯಾವಾ?" ಅಂದಳು.

ಅಂದಪ್ಪ ಬೀದಿಗೆ ಬಂದು ನಿಂತ. ಕಾಳನ್ನು ಚೆಲ್ಲುವಂತಿಲ್ಲ, ಮನೆಗೆ ಒಯ್ಯುವಂತಿಲ್ಲ, ಅಂಗಡಿಗೆ ಒಯ್ದರೆ ಉಳಿದರ್ಧವೂ ಹೋಗುತ್ತದೆ. ಎದುರಿಗೆ ಸಾಹುಕಾರರ ಮನೆಯ ಹಿತ್ತಿಲು ಕಂಡಿತು. ಅವರ ಕಾಳು ಅವರ ಕಣಜಕ್ಕೇ ಬಿದ್ದುಹೋದರೆ ಯಾರ ತಂಟೆಯೂ ಇಲ್ಲ ಎಂದುಕೊಂಡು ಒಳಗೆ ಹೆಜ್ಜೆ ಇಟ್ಟ.

ಸಾಹುಕಾರರ ತಾಯಿ ವಿರೂಪಾಕ್ಷಮ್ಮ ಮೊರ ಹಿಡಿದು ಕೂತಿದ್ದರು. "ಏನೋ ಅದು?"

"ಹಿಡಿ ಜೋಳರಿ ಅವ್ವಾರ. ಸೈದಾನಬಿ ಕೊಟ್ಟಾಳ್ರಿ."

"ಸೈದಾನಬಿನಾ? ನನ್ನ ಮಕ್ಕಳಿಗೆಲ್ಲ ಗೊಂಬಿ ಕೊಟ್ಟಾಕಿ ಆಕಿ. ಇನ್ನೂ ನನ್ನ ನೆನಪು ಇಟ್ಟಾಳಲ್ಲ." ಜೋಳವನ್ನು ಮೊರಕ್ಕೆ ಸುರಿಸಿಕೊಂಡು, ಚೀಲ ಹಿಡಿದು ಎದ್ದು ಒಳಗೆ ಹೋದರು.

ಅಂದಪ್ಪ ಬಾಗಿಲತನಕ ಹಿಂದೆಯೇ ಓಡಿದ. "ಅವ್ವಾರ, ಬ್ಯಾಡ್ರಿ. ಏನೂ ಹಾಕಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೀನಿ."

"ಹುಚ್ಚಾ ಏನೋ ನೀನು? ಬರಿ ಚೀಲ ಕಳಸೂವಂಥಾದ್ದು ಏನ್ ಬಂದೈತಿ ನಮ್ಮನಿಗೆ?" ಒಳಗಿನಿಂದಲೇ ಉತ್ತರ ಬಂತು. ಹೊರಗೆ ಬಂದ ಚೀಲದಲ್ಲಿ ಎರಡು ಬೊಗಸೆ ಜೋಳ, ಮೇಲೊಂದು ಬೆಲ್ಲದ ಹೆಂಟೆ.

ಮತ್ತೆ ಸೈದಾನಬಿಗೆ ಒಯ್ದರೆ ಅವಳು ಮತ್ತೆ ಹಾಕುತ್ತಾಳೆ. ಸಾಯುವತನಕ ಈ ಎರಡು ಬಾಗಿಲಿಗೆ ತಿರುಗುತ್ತಿರಬೇಕಾದೀತು. ಅಂದಪ್ಪನಿಗೆ ಸಾಕೋ ಸಾಕಾಗಿತ್ತು. ಚೀಲವನ್ನು ನೆಟ್ಟಗೆ ಅಂಗಡಿಗೆ ತಂದು ತಕ್ಕಡಿಯ ಮುಂದೆ ಇಟ್ಟ.

ಸಾಹುಕಾರರು ಕೈಹಾಕಿ ನೋಡಿದರು. "ನೋಡು, ಅರ್ಧಾ ಮಾಡಿದರೂ ಇಷ್ಟು ಉಳದೈತಿ. ಬೆಲ್ಲಾ ಬ್ಯಾರೆ. ಯಾರ ಮನೀದಿದು? ಹೆಚ್ಚಾಗೇತಿ ಅವರಿಗೆ, ಪೂರಾ ಬಂದ್ ಮಾಡು."

"ನಿಮ್ಮ ಮನೀದ್ರಿ. ಅವ್ವಾರು ಹಾಕ್ಯಾರ್ರಿ. ಬ್ಯಾಡಂದ್ರೂ ಕೇಳಲಿಲ್ರಿ."

ಸಾಹುಕಾರರು ಬೆಲ್ಲದ ಹೆಂಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ತಮ್ಮ ಅಟ್ಟದ ಬೆಲ್ಲದ ಗುರುತು ಸಿಗದ ವ್ಯಾಪಾರಿಯಲ್ಲ ಅವರು. ಮನೆಯಲ್ಲಿ ತಾಯಿಗೆ ಈ ಅರ್ಧ ಪಡಿಯ ಸುದ್ದಿ ಮುಟ್ಟಿದರೆ ರಾತ್ರಿ ಊಟಕ್ಕೆ ಕೂತಾಗ ಏನಾದೀತು ಎನ್ನುವುದೂ ಹೊಳೆದಿರಬೇಕು.

"ಅವ್ವನ ಮುಂದ ಏನರ ಅಂದಿಯೇನು?"

"ಇಲ್ರಿ."

"ಅನಬ್ಯಾಡ." ಮುಖ ಬೇರೆ ಕಡೆ ಮಾಡಿ, "ಬರೂ ವಾರದಿಂದ ಮೊದಲಿನಂಗ ಕಟ್ಟು. ಚೀಲ ನನ್ನ ಮುಂದ ಕೊಡವಬ್ಯಾಡ," ಅಂದರು.

ಮುಂದಿನ ಸೋಮವಾರ ಪೂರಾ ಪಡಿ ಹೊತ್ತ ಅಂದಪ್ಪ ಎದೆ ಸೆಟೆಸಿಕೊಂಡೇ ಓಣಿಗೆ ಬಂದ. ಹೊಳಿಯಮ್ಮ ಚೀಲ ಎತ್ತಿ ತೂಗಿದಳು, ಇನ್ನೊಮ್ಮೆ ತೂಗಿದಳು. ಅಕ್ಕಪಕ್ಕದ ಬಾಗಿಲಿನವರಿಗೂ ಕೇಳುವಂತೆ ಕೂಗಿದಳು.

"ಈಗ ಬರೋಬ್ಬರಿ ಐತಿ ನೋಡು. ನಾ ಬೈದದ್ದಕ್ಕ ಬುದ್ಧಿ ಬಂತು ಈ ಹುಡುಗಗ. ಇನ್ನ ಯಾರೂ ಅವಗ ಕಳ್ಳ ಅನಬ್ಯಾಡ್ರಿ, ಬಿಟ್ಟಾನ."

ಅಂದಪ್ಪ ಬಾಯಿ ತೆರೆದ. ಹೇಳಿದರೆ ಮಧ್ಯಾಹ್ನವಾಗುತ್ತದೆ, ಹೇಳಿದರೂ ಅವಳು ನಂಬುವುದಿಲ್ಲ. ಖಾಲಿ ಚೀಲಕ್ಕೆ ಕೈ ಚಾಚಿದ.

"ಚೀಲ ಹಿಡಿ," ಎಂದು ಹೊಳಿಯಮ್ಮ ಖುಷಿಯಿಂದ ಒಂದಕ್ಕೆ ಎರಡು ಹಿಡಿ ಹಾಕಿದಳು.