ಎಡಬೆನ್ನಿನ ಹಳ್ಳ

ಅವಳ ಎಡಗಾಲಿನ ಚಪ್ಪಲಿ ಹೊಲಿಗೆ ಬಿಟ್ಟಿದೆ, ಎರಡು ಹೊಲಿಗೆ ಹಾಕಿದರೆ ಸಾಕು, ಹೇಳಲೇ, ಬೇಡ, ಹೀಗೆ ಸೊಂಟದಿಂದ ಬಾಗಿ ತಲೆ ಇಳಿಬಿಟ್ಟು ನಿಂತವಳು ಇನ್ನೊಬ್ಬರ ಚಪ್ಪಲಿಗೆ ಬುದ್ಧಿ ಹೇಳಬಾರದು, ಅಲ್ಲಾಡ್ಬೇಡಿ ಅಕ್ಕಾ, ಅನ್ನುತ್ತಾಳೆ ವ್ಯಾಯಾಮದ ಡಾಕ್ಟ್ರಮ್ಮ, ಬೆನ್ನ ಮೇಲೆ ತಣ್ಣಗೆ ಏನೋ ಕೂರುತ್ತದೆ, ಬಡಗಿಯ ರಸಮಟ್ಟದ ತಂಗಿಯಂಥದ್ದು, ಒಳಗಿನ ಗುಂಡು ಹೊರಳಿ ನನ್ನ ಬೆನ್ನುಮೂಳೆ ಎಷ್ಟು ಸೊಟ್ಟ ಎಂದು ಚಾಡಿ ಹೇಳುತ್ತದೆ, ಹೋದ ಸಲ ಒಂಬತ್ತು ಡಿಗ್ರಿ, ಹತ್ತು ದಾಟಿದ್ರೆ ಸರ್ಜನ್ ಹತ್ರ ಕಳಿಸ್ತೀನಿ ಅಂದಿದ್ದಳು, ಸರ್ಜನ್ ಎಂದರೆ ಬೆನ್ನಿಗೆ ಕಂಬಿ, ಕಂಬಿ ಎಂದರೆ ಹೊಲಿಗೆ ಮೆಷಿನ್ನಿನ ಮುಂದೆ ಬಾಗುವುದು ಬಂದ್ — ಪಕ್ಕದ ಗೋಡೆಯ ಕನ್ನಡಿಗೆ ಕಣ್ಣಷ್ಟೇ ಹೊರಳಿಸಿದರೆ ಅವಳ ಮುಖ ತಲೆಕೆಳಗು, ತುಟಿ ಬಿಗಿದಿದೆ — ಸೊಟ್ಟ ಮುಚ್ಚುವುದರಲ್ಲಿ ನಾನು ಎತ್ತಿದ ಕೈ, ಇಪ್ಪತ್ತು ವರ್ಷದಿಂದ ನನ್ನ ಅಂಗಿಗಳಿಗೆಲ್ಲ ಎಡಬೆನ್ನಿನ ಹಳ್ಳದ ಜಾಗದಲ್ಲಿ ಒಳಗಿಂದ ಹತ್ತಿಯ ಮೆತ್ತೆ, ತಾಳಿ ಕಟ್ಟಿದವರಿಗೇ ವಾರದ ತನಕ ಗೊತ್ತಾಗಲಿಲ್ಲ, ಗೊತ್ತಾದ ಮೇಲೆ, ನನ್ನ ಬೋಳುತಲೆಗೂ ಒಂದು ಹೊಲಿದುಕೊಡೇ, ಅಂದರು, ಆ ಮೆತ್ತೆಯಂಗಿ ತೊಟ್ಟೇ ಮನೆಯಲ್ಲಿ ಮೂರು ತಿಂಗಳು ವ್ಯಾಯಾಮ ಮಾಡಿ, ಕನ್ನಡಿ ನೋಡಿ, ಎಷ್ಟು ನೆಟ್ಟಗಾದೆ ಎಂದು ಬೀಗಿದ್ದೇ ಬೀಗಿದ್ದು, ಹೋದ ಸಲ ಈ ಡಾಕ್ಟ್ರಮ್ಮ ಮೆತ್ತೆ ಹೊರಗೆಳೆದು, ಅಕ್ಕಾ, ಇಷ್ಟು ದಿನ ನೀವು ಗುಣಪಡಿಸಿದ್ದು ಈ ಹತ್ತೀನಾ, ಅಂದಾಗ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು, ಆಮೇಲಿನ ಮೂರು ತಿಂಗಳು ಮೆತ್ತೆಯಿಲ್ಲ, ಬಲಭುಜ ಇಳಿಸಿ, ಹಳ್ಳದೊಳಗೆ ಉಸಿರು ತುಂಬಿ, ಬಾಗಿಲಲ್ಲಿ ನಿಂತ ಅತ್ತೆ, ಬೆನ್ನಿಗೆ ಉಸಿರು ತುಂಬೋಕೆ ಅದೇನು ಸೈಕಲ್ ಟ್ಯೂಬೇನೇ, ಅಂದವರೇ ಮಾರನೇ ದಿನ ಅಂಗೈಯನ್ನು ಹಳ್ಳಕ್ಕೆ ಒತ್ತಿ, ಇಲ್ಲಿಗೆ ತುಂಬು, ನನ್ನ ಕೈ ತಳ್ಳು ನೋಡೋಣ, ದಿನಾ ನಲವತ್ತು ಸಲ, ಮೂವತ್ತೆಂಟಕ್ಕೆ ನಿಲ್ಲಿಸಿದರೆ ಬಿಡುವವರೇ ಅವರು — ಮತ್ತೆ ಅಳೆಯುತ್ತಿದ್ದಾಳೆ, ಯಾಕೆ ಮತ್ತೆ, ನಾನು ಎರಡನೇ ಸಲ ಟೇಪು ಹಿಡಿಯುವುದು ಗಿರಾಕಿ ಊದಿಕೊಂಡಾಗ ಮಾತ್ರ, ಹನ್ನೊಂದೇ ಇರಬೇಕು, ಅತ್ತೆಗೆ ಏನು ಹೇಳಲಿ, ಕನ್ನಡಿಯಲ್ಲಿ ತುಟಿಯ ಎರಡೂ ತುದಿ ಕೆಳಕ್ಕೆ ಜಾರುತ್ತಿವೆ, ಮುಗಿಯಿತು, ಕಂಬಿ — ತಾಳು, ತಲೆಕೆಳಗಾಗಿ ನೇತಾಡುತ್ತಿರುವವಳು ನಾನು, ನನಗೆ ಕೆಳಗೆ ಎಂದರೆ ಅವಳಿಗೆ ಮೇಲೆ, ಹಾಗಾದರೆ, ಹಾಗಾದರೆ — ಎಂಟೇ ಅಕ್ಕಾ, ಎರಡು ಸಲ ನೋಡ್ದೆ, ಎಂಟೇ, ನೆಟ್ಟಗೆ ನಿಂತ್ಕೊಳ್ಳಿ ಇನ್ನು, ಅನ್ನುತ್ತಾಳೆ, ನಿಲ್ಲುತ್ತೇನೆ, ಒಂದು ಗಳಿಗೆ ತಾಳಮ್ಮ, ಕನ್ನಡಿಯಲ್ಲಿ ಆ ತುಟಿ, ಕೆಳಕ್ಕೆ, ಇನ್ನೂ ಕೆಳಕ್ಕೆ ಬಾಗುತ್ತಿರುವ ಆ ತುಟಿ