ಕಣ್ಣುರೆಪ್ಪೆಗೆ ಇಟ್ಟ ಮೊಟ್ಟೆ

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಶುದ್ಧ ಸುಳ್ಳು. ನಾನು ಮಾಡಿದ್ದನ್ನು ಉಂಡವಳು ನಿಂಗಕ್ಕ. ನಾನು ಇವತ್ತೂ ಹೊಟ್ಟೆ ತುಂಬ ಉಂಡು ಬಂದು ಇದನ್ನು ಹೇಳುತ್ತಿದ್ದೇನೆ.

ಹಿರಿಯೂರಿನ ಹತ್ತಿರ, ಬಬ್ಬೂರು ದಾಟಿದ ಮೇಲೆ ಮುರುಗಪ್ಪನವರ ಹ್ಯಾಚರಿ ಇದೆ. ಕೋಳಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಅಲ್ಲಿನ ಮಷೀನನ್ನು ನಿಂಗಕ್ಕ ಹದಿನಾರು ವರ್ಷದಿಂದ ನೋಡಿಕೊಳ್ಳುತ್ತಿದ್ದಳು. ಆ ಕೆಲಸದ ಜೊತೆಗೆ ಹಿಂದುಗಡೆ ಶೀಟು ಹೊದಿಸಿದ ಒಂದು ಕೋಣೆ ಕೊಟ್ಟಿದ್ದರು. ಅದು ಬಿಟ್ಟರೆ ಅವಳಿಗೆ ಬೇರೆ ಮನೆಯಿಲ್ಲ. ಗಂಟೆಗೊಮ್ಮೆ ಒಂದು ಮೊಟ್ಟೆ ತೆಗೆದು, ಕಣ್ಣು ಮುಚ್ಚಿ ರೆಪ್ಪೆಗೆ ಒತ್ತಿಕೊಂಡು, "ಅರ್ಧ ಡಿಗ್ರಿ ಜಾಸ್ತಿ ಐತೆ" ಅನ್ನುತ್ತಿದ್ದಳು. ಪಾದರಸದ ಥರ್ಮಾಮೀಟರ್ ನೋಡಿದರೆ ಅಷ್ಟೇ ಇರುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು. ಆ ಅರ್ಧ ಡಿಗ್ರಿ ಅಳೆಯಲು ನಾನು ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದೆ.

ನಾನು ಚೇತನ್‌ಕುಮಾರ್. ಚಿತ್ರದುರ್ಗದಲ್ಲಿ ರಾಜಶೇಖರ್ ಎಂಬವರ ವರ್ಕ್‌ಶಾಪಿನಲ್ಲಿ ಇಂಥ ಮಷೀನುಗಳ ಕಾವು ಹದದಲ್ಲಿಡುವ ಕಂಟ್ರೋಲರ್ ಮಾಡುತ್ತೇನೆ. ಅಂಗೈಯಗಲದ ಬೋರ್ಡು, ಅದರೊಳಗೆ ನಾವೇ ಕತ್ತರಿಸಿ ಚಿಕ್ಕದು ಮಾಡಿಕೊಂಡ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಬೋರ್ಡಿನ ಚಿಪ್ಪಿನಲ್ಲಿ ವಾಚ್‌ಡಾಗ್ ಅಂತ ಒಂದು ಟೈಮರ್ ಇತ್ತು. ನಮ್ಮ ಲಿನಕ್ಸಿಗೆ ಅದರ ಗುರುತೇ ಇರಲಿಲ್ಲ. ಮೂರು ವಾರ ಕೂತು, ಎರಡಕ್ಕೂ ಮಾತುಕತೆ ಮಾಡಿಸುವ ಡ್ರೈವರ್ ಬರೆದು ಸೇರಿಸಿದೆ. ಬೋರ್ಡು ಕೂರಿಸಲು ಹೋದ ದಿನ, ಇದೇನಪ್ಪ ಎಂದು ನಿಂಗಕ್ಕ ಕೇಳಿದಳು.

"ಕಾವಲು ನಾಯಿ ಇದ್ದಂಗೆ ನಿಂಗಕ್ಕ. ಕಾವು ನೋಡೋ ಪ್ರೋಗ್ರಾಮು ಹತ್ತು ಸೆಕೆಂಡಿಗೊಂದ್ಸಲ ಇದಕ್ಕೆ ತುತ್ತು ಹಾಕ್ಬೇಕು. ಅರ್ಧ ನಿಮಿಷ ತುತ್ತು ಬರ್ಲಿಲ್ಲ ಅಂದ್ರೆ, ಪ್ರೋಗ್ರಾಮು ಸತ್ತೈತೆ ಅಂತ ತಿಳ್ಕಂಡು ಬೋರ್ಡನ್ನೇ ಆರಿಸಿ ಹತ್ತಿಸ್ತೈತೆ."

"ಬ್ಯಾರೆ ಯಾರಾನ ತುತ್ತು ಹಾಕಿದ್ರೆ?"

"ಬ್ಯಾರೆ ಯಾರು ಹಾಕ್ತಾರೆ?" ಎಂದು ನಕ್ಕೆ.

ಮೊದಲ ವಾರವೇ ಬೋರ್ಡು ದಿನಕ್ಕೆ ಮೂರು ನಾಲ್ಕು ಸಲ ಆರಿ ಹತ್ತತೊಡಗಿತು. ಕಾವು ಅಳೆಯುವ ಸೆನ್ಸರ್ ಓದುವಾಗ ನನ್ನ ಪ್ರೋಗ್ರಾಮು ಸಿಕ್ಕಿಹಾಕಿಕೊಳ್ಳುತ್ತಿತ್ತು, ವಾಚ್‌ಡಾಗ್ ಅದನ್ನು ಎಬ್ಬಿಸುತ್ತಿತ್ತು. ತಪ್ಪು ನನ್ನದು, ನಾಯಿಯದಲ್ಲ. ಮುರುಗಪ್ಪನವರಿಗೆ ಕಂಡದ್ದು ಮಾತ್ರ ದೀಪ ಆರಿ ಹತ್ತುವುದು. "ಏನ್ರಿ, ಮದುವೆ ಮನೆ ಸೀರಿಯಲ್ ಸೆಟ್ ಹಾಕೀರೇನು?" ಎಂದು ಫೋನಿನಲ್ಲಿ ಬೈದರು.

ರಾಜಶೇಖರ್ ನನ್ನ ಕಡೆ ತಿರುಗಿದರು. "ನಾಳೆ ಹೊಳಲ್ಕೆರೆ ಹ್ಯಾಚರಿಯವರು ಅಲ್ಲಿಗೇ ಬಂದು ನಮ್ಮ ಬೋರ್ಡ್ ನೋಡ್ತಾರೆ. ಏನಾರ ಮಾಡಲೇ, ಆರಬಾರ್ದು ಅಷ್ಟೆ."

ಐದು ಸಾಲು ಬರೆದೆ. ಕಾವು ನೋಡುವ ಪ್ರೋಗ್ರಾಮು ಬದುಕಿರಲಿ ಸತ್ತಿರಲಿ, ಈ ಐದು ಸಾಲು ಹತ್ತು ಸೆಕೆಂಡಿಗೊಮ್ಮೆ ವಾಚ್‌ಡಾಗಿಗೆ ತುತ್ತು ಹಾಕಿ, ದಾಖಲೆಯಲ್ಲಿ 'ಸರಿ ಇದೆ' ಎಂದು ಬರೆಯುತ್ತಿದ್ದವು. ಒಂದು ದಿನದ ಮಟ್ಟಿಗೆ ಅಂದುಕೊಂಡೆ. ಹೊಳಲ್ಕೆರೆಯವರು ಮೆಚ್ಚಿ ಹೋದರು, ಆರ್ಡರ್ ಬಂತು, ಐದು ಸಾಲು ಅಲ್ಲೇ ಉಳಿದವು. ಬೋರ್ಡಿನ ಪರದೆಯೂ ಸೇರಿ ಎರಡು ಕಡೆ ಅಂಕಿ ಕಂಡರೆ ಜಗಳವೆಂದು ಮುರುಗಪ್ಪನವರು ಹಳೆಯ ಥರ್ಮಾಮೀಟರನ್ನು ತೆಗೆಸಿದರು. ಮಷೀನಿನ ಸ್ವಿಚ್ಚನ್ನು ಯಾರೂ ಮುಟ್ಟಕೂಡದೆಂದು ನಾನು ಚೀಟಿ ಅಂಟಿಸಿದೆ. ನಿಂಗಕ್ಕನಿಗೆ ಅಂಕಿ ಬಿಟ್ಟರೆ ಅಕ್ಷರ ಬಾರದೆಂದು, ಎಲ್ಲರೆದುರು ಎರಡೆರಡು ಸಲ ಜೋರಾಗಿ ಓದಿ ಹೇಳಿದೆ.

ಆಮೇಲೊಂದು ಭಾನುವಾರ ಮಧ್ಯಾಹ್ನ ಗೆಳೆಯರ ಜೊತೆ ಜೋಗಿಮಟ್ಟಿಯಲ್ಲಿದ್ದೆ. ಹ್ಯಾಚರಿಯಲ್ಲಿ ಮೊಟ್ಟೆ ಇಟ್ಟು ಇಪ್ಪತ್ತನೇ ದಿನ. ಮರಿಗಳು ಚಿಪ್ಪಿನೊಳಗಿಂದಲೇ ಕೂಗುವ ಹೊತ್ತು. ಎರಡು ಗಂಟೆಗೆ ನಿಂಗಕ್ಕನ ಫೋನು.

"ಅಪ್ಪಾ, ಮೊಟ್ಟೆ ಸುಡ್ತವೆ. ರೆಪ್ಪೆಗೆ ಇಟ್ಕಳಾಕೆ ಆಗ್ತಿಲ್ಲ. ಆರಿಸ್ಲೇನಪ್ಪ?"

"ಪರದೆ ಮ್ಯಾಲೆ ಎಷ್ಟೈತೆ?"

"ಮೂವತ್ತೇಳೂವರೆ. ಆಗ್ಲಿಂದ ಅಷ್ಟೇ ಐತೆ, ಅಲ್ಲಾಡ್ತಾನೇ ಇಲ್ಲ."

ಅಲ್ಲಾಡುತ್ತಿಲ್ಲ ಎಂಬ ಮಾತೇ ಸಾಕಿತ್ತು, ತಲೆ ಇದ್ದವನಿಗೆ. ಗೆಳೆಯರು ಬೈಕ್ ಸ್ಟಾರ್ಟ್ ಮಾಡಿ ಕರೆಯುತ್ತಿದ್ದರು. "ಅಲ್ಲಾಡದಿದ್ರೆ ಒಳ್ಳೇದೇ ಅಲ್ವಾ? ನಿಮ್ಮ ರೆಪ್ಪೆ ಕಟ್ಟಿಡ್ರಿ. ಮುಟ್ಟಬ್ಯಾಡ್ರಿ," ಎಂದು ಫೋನಿಟ್ಟೆ.

ಅವಳು ಮುಟ್ಟಲಿಲ್ಲ. ಪ್ರೋಗ್ರಾಮು ಸಿಕ್ಕಿಹಾಕಿಕೊಂಡು ಅಂಕಿ ನಿಂತಲ್ಲೇ ನಿಂತಿತ್ತು, ಐದು ಸಾಲು ನಾಯಿಗೆ ತುತ್ತು ಹಾಕುತ್ತಿದ್ದವು, ಹೀಟರ್ ಉರಿಯುತ್ತಲೇ ಇತ್ತು. ನಾಲ್ಕು ಗಂಟೆಯ ಹೊತ್ತಿಗೆ ಹನ್ನೆರಡು ಸಾವಿರ ಮೊಟ್ಟೆಗಳ ಕೂಗು ನಿಂತಿತು. ಆಗ ತಡೆಯಲಾರದೆ ಸ್ವಿಚ್ ಆರಿಸಿದಳು. ಅದೇ ಅವಳಿಗೆ ಮುಳುವಾಯಿತು.

ಸೋಮವಾರ ಬೆಳಗ್ಗೆ ರಾಜಶೇಖರ್ ಜೊತೆ ಹ್ಯಾಚರಿಗೆ ಹೋಗಿ, ಲ್ಯಾಪ್‌ಟಾಪ್ ಜೋಡಿಸಿ, ಮೊದಲು ಆ ಐದು ಸಾಲು ಅಳಿಸಿದೆ. ಆಮೇಲೆ ದಾಖಲೆ ತೆಗೆದು ಮುರುಗಪ್ಪನವರಿಗೆ ತೋರಿಸಿದೆ. ನಾಲ್ಕು ಗಂಟೆ ಹತ್ತು ನಿಮಿಷದವರೆಗೆ ಸರಿ ಇದೆ, ಸರಿ ಇದೆ, ಸರಿ ಇದೆ. ಅಲ್ಲಿಂದಾಚೆ ಖಾಲಿ.

"ನೋಡ್ರಿ," ಎಂದರು ರಾಜಶೇಖರ್. "ಬೋರ್ಡ್ ಚೆನ್ನಾಗೇ ಐತೆ. ಈಕೆ ಆರಿಸ್ಯಾಳೆ. ಫ್ಯಾನ್ ನಿಂತು ಮರಿ ಉಸಿರುಗಟ್ಟಿ ಸತ್ತವೆ." ಅವರಿಗೆ ಐದು ಸಾಲಿನ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೂ ಇದನ್ನೇ ಹೇಳುತ್ತಿದ್ದರು.

ನಿಂಗಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಅವಳ ಬಲಗಣ್ಣಿನ ರೆಪ್ಪೆ ಕೆಂಪಾಗಿ ಊದಿತ್ತು. ಫೋನಿಟ್ಟ ಮೇಲೂ ಅವಳು ಮತ್ತೆ ಮತ್ತೆ ಮೊಟ್ಟೆ ಇಟ್ಟು ನೋಡಿದ್ದಾಳೆಂದು ನನಗೆ ಕೂಡಲೇ ತಿಳಿಯಿತು. ಬೇರೆ ಯಾರೂ ಆ ಕಣ್ಣನ್ನು ನೋಡಲಿಲ್ಲ.

"ಇವರಿಗೆ ಫೋನ್ ಮಾಡಿದ್ದೆ ಸಾವ್ಕಾರ್ರೆ, ಎರಡು ಗಂಟೆಗೇ. ಹೇಳಪ್ಪ, ಮಾಡಿದ್ನಲ್ಲ?"

ಮುರುಗಪ್ಪನವರು ನನ್ನ ಮುಖ ನೋಡಿದರು.

"ಫೋನ್ ಬಂದಿದ್ದು ನಿಜ ಸಾರ್," ಎಂದೆ. "ಜೋಗಿಮಟ್ಟೀಲಿ ಭಾರಿ ಗಾಳಿ. ಏನಂದ್ರೋ ಕೇಳಿಸ್ಲಿಲ್ಲ."

ಇಷ್ಟು ಸಲೀಸಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ನಿಂಗಕ್ಕ ಅಳಲಿಲ್ಲ, ಶಾಪ ಹಾಕಲಿಲ್ಲ. ಊದಿದ ಕಣ್ಣನ್ನು ಸೆರಗಿನಿಂದ ಒತ್ತಿಕೊಂಡು, "ನಾನಂದಿದ್ದು ನಿನಗೆ ಕೇಳ್ಲಿಲ್ಲ," ಎಂದಳು. "ನೀನು ಮುಟ್ಟಬ್ಯಾಡ ಅಂದಿದ್ದು ನನಗೆ ಕೇಳಿಸ್ತಲ್ಲಪ್ಪ."

ತಪ್ಪು ನಿಂಗಕ್ಕನದೆಂದು ಬರೆದ ವರದಿಯ ಹಾಳೆಯನ್ನು ರಾಜಶೇಖರ್ ಮುಂದಿಟ್ಟರು. ಸಹಿ ಹಾಕಿದೆ. ಸಂಜೆಯೊಳಗೆ ಅವಳು ಒಂದು ಟ್ರಂಕು, ಎರಡು ಕೊಡ ಹೊತ್ತು ಹೊರಟಳು. ಆ ಕೋಣೆಯನ್ನು ಮುರುಗಪ್ಪನವರು ನಮ್ಮ ಬೋರ್ಡುಗಳನ್ನು ಇಟ್ಟುಕೊಳ್ಳಲು ಕೊಟ್ಟಿದ್ದಾರೆ. ಬೀಗದ ಕೈ ನನ್ನ ಹತ್ತಿರ ಇದೆ.