ಮೈಸೂರಿಗೆ ಯಾವುದರಲ್ಲಿ ಹೋಗುವುದು

ಚಾಮರಾಜಪೇಟೆಯ ನಾಲ್ಕನೇ ಕ್ರಾಸಿನಲ್ಲಿ ಯಾರಾದರೂ ಮೈಸೂರಿಗೆ ಹೊರಟರೆ ಮೊದಲು ಸೊಣ್ಣಪ್ಪನನ್ನು ಕೇಳುತ್ತಿದ್ದರು. ಕಲಾಸಿಪಾಳ್ಯದ ತರಕಾರಿ ಮಂಡಿಯನ್ನು ಮಗ ಮುನೇಶನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತಿದ್ದ ಆ ಮನುಷ್ಯನಿಗೆ ರೈಲು, ಬಸ್ಸು, ಕಾರು ಮೂರರ ಜಾತಕವೂ ಬಾಯಿಪಾಠ. ರೈಲಿನಲ್ಲಿ ಕಾಲು ಚಾಚಬಹುದು, ಆದರೆ ಸ್ಟೇಷನ್ನಿಗೆ ಹೋಗುವುದೇ ಇನ್ನೊಂದು ಪ್ರಯಾಣ. ನಾನ್‌ಸ್ಟಾಪ್ ಬಸ್ಸು ಒಳ್ಳೆಯದೇ, ಆದರೆ ಅದು ಹೊರಡುವವರೆಗೆ ಕಾಯಬೇಕು. ಕಾರಿಗೆ ಹೊಸ ಹೈವೇ ಇದೆ, ಆದರೆ ಶನಿವಾರ ಭಾನುವಾರ ಬೆಂಗಳೂರಿಗೆ ಬೆಂಗಳೂರೇ ಅದರ ಮೇಲಿರುತ್ತದೆ. ಒಂದೊಂದಕ್ಕೂ ಅವನ ಬಳಿ ಒಂದು ‘ಆದರೆ’ ಇತ್ತು. ಕೇಳಿದವರು ಇದನ್ನೆಲ್ಲ ಕೇಳಿಸಿಕೊಂಡು, ತಮಗೆ ತೋಚಿದ ಹಾಗೆ ಹೋಗಿ ಬಂದುಬಿಡುತ್ತಿದ್ದರು. ಹೋಗದೆ ಉಳಿದವನು ಸೊಣ್ಣಪ್ಪ ಒಬ್ಬನೇ.

ಅವನ ಒಬ್ಬಳೇ ತಂಗಿ ಮುನಿರತ್ನಮ್ಮ ಇದ್ದದ್ದು ಮೈಸೂರಿನಲ್ಲಿ. ಅವಳನ್ನು ನೋಡಿ ಆರು ವರ್ಷವಾಗಿತ್ತು. ಜಗಳವೇನೂ ಇರಲಿಲ್ಲ, ಇದ್ದಿದ್ದರೆ ಹೇಳಿಕೊಳ್ಳಲಾದರೂ ಒಂದು ಕಾರಣವಿರುತ್ತಿತ್ತು. ಗೌರಿ ಹಬ್ಬಕ್ಕೆ ಅಣ್ಣನಾದವನು ತಂಗಿಗೆ ಸೀರೆ ಕೊಟ್ಟು ಬರಬೇಕು. ಇವನು ಅದನ್ನೂ ಫೋನಿನಲ್ಲೇ ಹಣ ಹಾಕಿ ಮುಗಿಸುತ್ತಿದ್ದ. ಯಾವಾಗ ಬರುತ್ತೀಯ ಎಂದು ಅವಳು ಕೇಳಿದಾಗಲೆಲ್ಲ ಇವನು ಯಾವುದರಲ್ಲಿ ಬರುವುದು ಎಂದು ಶುರು ಮಾಡುತ್ತಿದ್ದ. ಅವಳು ಪೂರ್ತಿ ಕೇಳಿಸಿಕೊಂಡು, ನಕ್ಕು, ನಿನಗೆ ಅನುಕೂಲವಾದಾಗ ಬಾರಣ್ಣ ಎಂದು ಫೋನಿಡುತ್ತಿದ್ದಳು. ಅನುಕೂಲ ಎನ್ನುವುದು ತಾನಾಗಿ ಬಂದು ಬಾಗಿಲು ತಟ್ಟುತ್ತದೆ ಎಂದು ಸೊಣ್ಣಪ್ಪ ನಂಬಿದ್ದನೋ ಏನೋ.

ಒಂದು ಶನಿವಾರ ಬೆಳಗ್ಗೆ ಏಳು ಗಂಟೆಗೆ ಮುನಿರತ್ನಮ್ಮನ ಮಗಳು ತೇಜಸ್ವಿನಿಯ ಫೋನು ಬಂತು. ಅಮ್ಮನಿಗೆ ಬೆಳಗಿನ ಜಾವ ಎದೆನೋವು ಬಂತು, ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಳು ಎಂದಳು. ಚಿತಾಗಾರದಲ್ಲಿ ನಾಲ್ಕು ಗಂಟೆಗೆ ಸಮಯ ಕೊಟ್ಟಿದ್ದರು. ಮೂರೂವರೆಗೆ ಮನೆ ಬಿಡಬೇಕಿತ್ತು. ಗಂಡನಿರುವಾಗಲೇ ಕಣ್ಣುಮುಚ್ಚಿದ ಹೆಣ್ಣಿಗೆ ಕೊನೆಯ ಸೀರೆ ತವರಿನಿಂದ ಬರಬೇಕು. ಅದನ್ನು ಹೊದಿಸದೆ ಎತ್ತುವ ಹಾಗಿಲ್ಲ.

“ತವರು ಅಂತ ಉಳಿದಿರೋದು ನೀವೊಬ್ರೇ ಮಾವ. ಬೇಗ ಬಂದ್ಬಿಡಿ,” ಎಂದಳು ತೇಜಸ್ವಿನಿ.

ಮುನೇಶ ಆಗಲೇ ಕಾರಿನ ಕೀಲಿ ಹಿಡಿದು ನಿಂತಿದ್ದ. ಈಗಲೇ ಹೊರಟರೆ ಹತ್ತಕ್ಕೆಲ್ಲ ಅಲ್ಲಿರುತ್ತೇವೆ, ಸೀರೆಯನ್ನು ಅಲ್ಲೇ ಕೊಂಡರಾಯಿತು ಎಂದ. ಸೊಣ್ಣಪ್ಪ ಒಪ್ಪಲಿಲ್ಲ. ಮೈಸೂರಿನಲ್ಲಿ ಕೊಂಡ ಸೀರೆ ತವರಿನ ಸೀರೆ ಹೇಗಾಗುತ್ತದೆ? ಅದೂ ಅಲ್ಲದೆ ಇವತ್ತು ಶನಿವಾರ, ಹೈವೇಯಲ್ಲಿ ಸಿಕ್ಕಿಹಾಕಿಕೊಂಡರೆ ಮುಗಿಯಿತು. ಹತ್ತೂವರೆಗೆ ಚಿಕ್ಕಪೇಟೆಯಲ್ಲಿ ಅಂಗಡಿ ತೆಗೆಯುತ್ತಾರೆ, ಹನ್ನೊಂದೂವರೆಗೆ ರೈಲು, ಎರಡೂವರೆಗೆ ತಂಗಿಯ ಮುಂದೆ. ಅವನ ಲೆಕ್ಕ ಯಾವಾಗಲೂ ಹಾಗೆಯೇ, ಕೇಳಲು ಚೆನ್ನಾಗಿರುತ್ತಿತ್ತು. ನಿಜ ಹೇಳಬೇಕೆಂದರೆ ಮುದುಕನಿಗೆ ಹೆದರಿಕೆಯಾಗಿತ್ತು. ಆರು ವರ್ಷ ನೋಡದ ಮುಖವನ್ನು ಇನ್ನು ಮೂರು ಗಂಟೆಯೊಳಗೆ ಉಸಿರಿಲ್ಲದ್ದಾಗಿ ನೋಡುವ ಧೈರ್ಯ ಅವನಿಗಿರಲಿಲ್ಲ. ಮುನೇಶ ವಾದ ಮಾಡಿ ಸೋತು, ಏನಾದರೂ ಆದರೆ ಫೋನ್ ಮಾಡು ಎಂದು ಮಂಡಿಗೆ ಹೋದ.

ಚಿಕ್ಕಪೇಟೆಯಲ್ಲಿ ಪರಿಚಯದ ವರದರಾಜನ ಅಂಗಡಿ ತೆಗೆದಾಗ ಸೊಣ್ಣಪ್ಪ ಬಾಗಿಲಲ್ಲೇ ಇದ್ದ. ವರದರಾಜ ವಿಷಯ ತಿಳಿದು ಎರಡು ರೇಷ್ಮೆ ಸೀರೆ ಬಿಚ್ಚಿ ಹರವಿದ. ಒಂದು ಹಸಿರು, ಇನ್ನೊಂದು ಕುಂಕುಮದ ಬಣ್ಣ. ತಂಗಿಗೆ ಯಾವ ಬಣ್ಣ ಇಷ್ಟ ಎಂದು ಕೇಳಿದ. ಸೊಣ್ಣಪ್ಪನಿಗೆ ಗೊತ್ತಿರಲಿಲ್ಲ. ಅವಳು ಈಗ ದಪ್ಪಗಾಗಿದ್ದಳೋ ಇಳಿದುಹೋಗಿದ್ದಳೋ ಅದೂ ಗೊತ್ತಿರಲಿಲ್ಲ. ಕಣ್ಣಮುಂದೆ ಬಂದದ್ದು ಲಾಲ್‌ಬಾಗಿನ ಹಿಂದೆ ಅಪ್ಪ ಗುತ್ತಿಗೆ ಹಿಡಿದಿದ್ದ ತೋಟದಲ್ಲಿ ಕೂತು ಸೊಪ್ಪಿನ ಕಟ್ಟು ಕಟ್ಟುತ್ತಿದ್ದ ಹದಿನಾರರ ಹುಡುಗಿ. ಹಸಿರನ್ನು ಮುಟ್ಟಿ ನೋಡಿದ, ಕೆಂಪನ್ನು ಬೆಳಕಿಗೆ ಹಿಡಿದ, ಮತ್ತೆ ಹಸಿರನ್ನು ಎತ್ತಿಕೊಂಡ. ಕೊನೆಗೆ ಹಸಿರನ್ನೇ ಕಟ್ಟಿಸಿಕೊಂಡು ಸ್ಟೇಷನ್ ಮುಟ್ಟುವಾಗ ರೈಲು ಹೊರಟುಹೋಗಿತ್ತು.

ಮಗನಿಗೆ ಫೋನ್ ಮಾಡಲು ನಾಚಿಕೆಯಾಗಿ ಮೈಸೂರು ರಸ್ತೆಯ ಬಸ್ ನಿಲ್ದಾಣಕ್ಕೆ ಹೋದ. ಅಲ್ಲಿ ಸಾಧಾರಣ ಬಸ್ಸೊಂದು ಹೊರಡುವುದರಲ್ಲಿತ್ತು. ಹತ್ತಿ ಕೂತ. ಇದು ಬಿಡದಿ, ರಾಮನಗರ, ಚನ್ನಪಟ್ಟಣ ಎಲ್ಲ ಕಡೆ ನಿಲ್ಲುತ್ತದಲ್ಲ ಎನಿಸಿ, ಅದು ಚಲಿಸುವ ಹೊತ್ತಿಗೆ ಇಳಿದುಬಿಟ್ಟ. ಹಿಂದೆ ನಿಂತಿದ್ದ ನಾನ್‌ಸ್ಟಾಪಿಗೆ ಹೋದರೆ ಸೀಟು ಭರ್ತಿಯಾಗಿತ್ತು, ಇನ್ನೊಂದು ಬರಲು ಮುಕ್ಕಾಲು ಗಂಟೆ. ಇಂಥವನನ್ನು ಹಿಡಿದು ಅಲ್ಲಾಡಿಸಬೇಕು ಎನಿಸುತ್ತದೆ. ಆದರೆ ಎದೆಗೆ ಸೀರೆಯ ಚೀಲ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದವನನ್ನು ನೋಡಿದ್ದರೆ ಯಾರಿಗೂ ಕೈ ಬರುತ್ತಿರಲಿಲ್ಲ.

ಅಪ್ಪ ಎಲ್ಲಿಗೆ ತಲುಪಿದ ಎಂದು ಕೇಳಲು ಮುನೇಶ ಫೋನ್ ಮಾಡಿದಾಗ ಒಂದು ಗಂಟೆ ದಾಟಿತ್ತು. ವಿಷಯ ತಿಳಿದವನೇ, ಅಲ್ಲೇ ಇರು ಎಂದು ಹೇಳಿ, ಮಂಡಿಯ ಬಾಗಿಲೆಳೆದು, ಟ್ರಾಫಿಕ್ಕಿನಲ್ಲಿ ನುಗ್ಗಿ ಬಂದು ಕಾರು ನಿಲ್ಲಿಸಿದ.

“ಸುಮ್ನೆ ಹತ್ತಪ್ಪ. ದಾರಿಲಿ ಒಂದ್ಮಾತೂ ಆಡ್ಬೇಡ,” ಎಂದ.

ಎರಡು ಗಂಟೆಗೆ ಹೊರಟರು. ಸೊಣ್ಣಪ್ಪ ವರ್ಷಗಟ್ಟಲೆ ಹೆಸರು ಹೇಳಿ ಹೆದರಿಸುತ್ತಿದ್ದ ಹೈವೇಯಲ್ಲಿ ಅಡ್ಡಿ ಎನ್ನುವುದೇ ಇರಲಿಲ್ಲ. ಮೂರೂಮುಕ್ಕಾಲಿಗೆ ಶ್ರೀರಂಗಪಟ್ಟಣ ದಾಟಿದಾಗ ತೇಜಸ್ವಿನಿಗೆ ಫೋನ್ ಮಾಡಿದರು; ಅವಳ ಕಡೆ ಯಾರೂ ಎತ್ತಲಿಲ್ಲ. ನಾಲ್ಕಕ್ಕೆ ಮನೆ ಮುಂದೆ ಇಳಿದಾಗ ಹೆಂಗಸರು ಅಂಗಳ ತೊಳೆಯುತ್ತಿದ್ದರು. ಹೆಣ ಎತ್ತಿದ ಮೇಲೆಯೇ ಹಾಗೆ ತೊಳೆಯುವುದು. ಸೊಣ್ಣಪ್ಪನಿಗೆ ಬೇರೆ ಯಾರೂ ಏನೂ ಹೇಳಬೇಕಾಗಲಿಲ್ಲ.

ತೇಜಸ್ವಿನಿ ಹೊರಗೆ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದ, ಬೈಯಲಿಲ್ಲ. ಮೂರೂಮುಕ್ಕಾಲರವರೆಗೂ ಕಾದೆವು, ಆಮೇಲೆ ಚಿತಾಗಾರದವರು ಇನ್ನೂ ತಡವಾದರೆ ನಾಳೆಯೇ ಎಂದುಬಿಟ್ಟರು ಎಂದಳು. ಪಕ್ಕದ ಮನೆಯ ಕಲ್ಯಾಣಮ್ಮ ನೋಡಲಾರದೆ ತನ್ನ ಬೀರುವಿನಿಂದ ಸೀರೆ ತಂದು ತವರಿನ ಹೆಸರಲ್ಲಿ ಹೊದಿಸಿದಳಂತೆ. ಈ ಸಲದ ಗೌರಿ ಹಬ್ಬಕ್ಕೆ ಕಲ್ಯಾಣಮ್ಮನ ಅಣ್ಣ ಮಂಡ್ಯದಿಂದ ಬಂದು ಕೊಟ್ಟುಹೋಗಿದ್ದ ಸೀರೆ ಅದು, ಇನ್ನೂ ಮಡಿಕೆ ಬಿಚ್ಚಿರಲಿಲ್ಲ.

ಸೊಣ್ಣಪ್ಪ ಒದ್ದೆ ಮೆಟ್ಟಿಲ ಮೇಲೆ ಕೂತುಬಿಟ್ಟ. ತೇಜಸ್ವಿನಿಯೂ ಪಕ್ಕದಲ್ಲಿ ಕೂತಳು.

“ಅಮ್ಮ ಎಲ್ಲರ ಹತ್ರನೂ ಹೇಳೋಳು ಮಾವ, ನಮ್ಮಣ್ಣನಿಗೆ ಬರೋಕೆ ಆಸೆ, ಆದ್ರೆ ತುಂಬ ದೂರ ಆಗತ್ತೆ ಅಂತ. ಇವತ್ತು ನಾನೂ ಅದನ್ನೇ ಹೇಳಿ ಕಾಯಿಸಿದೆ, ದೂರದಿಂದ ಬರ್ತಿದಾರೆ ಅಂತ.” ಆಮೇಲೆ ಬಂದ ನೆಂಟರನ್ನು ಕೇಳುವ ಹಾಗೆ ಕೇಳಿದಳು. “ಯಾವುದ್ರಲ್ಲಿ ಬಂದ್ರಿ?”

“ಕಾರಲ್ಲಿ.”

“ಎಷ್ಟು ಹೊತ್ತಾಯ್ತು?”

ಸೊಣ್ಣಪ್ಪ ಸುಳ್ಳು ಹೇಳಬಹುದಿತ್ತು. ಅವಳ ಮುಖ ನೋಡದೆ, “ಎರಡೇ ಗಂಟೆ ಕಣಮ್ಮ,” ಎಂದ. ಬೆಳಗ್ಗಿನಿಂದ ಬಾರದ ಅಳು ಆಗ ಬಂತು.